ಚಿತ್ರಗುಪ್ತನ ಮೇಜು

ಸರಕಾರಿ ಕಾರಕೂನನಿಗೆ ಒಂದು ಅಡ್ಡಹೆಸರು ಬೀಳದಿದ್ದರೆ ಅವನ ನೌಕರಿ ಇನ್ನೂ ಖಾಯಂ ಆಗಿಲ್ಲವೆಂದೇ ಲೆಕ್ಕ. ನಮ್ಮ ಸಂಘದ ಮಿತ್ರರು ನನಗಿಟ್ಟಿರುವ ಹೆಸರು ‘ಚಿತ್ರಗುಪ್ತ’. ನಾನಿರುವುದು ದಕ್ಷಿಣ ಮುಂಬಯಿಯ ಒಂದು ಕಛೇರಿಯ ಪಿಂಚಣಿ ವಿಭಾಗದಲ್ಲಿ. ಅದರಲ್ಲಿಯೂ ಕುಟುಂಬ ಪಿಂಚಣಿಯ ಮೇಜಿನಲ್ಲಿ. ಎಂದರೆ, ನನ್ನ ಮುಂದೆ ಬರುವ ಪ್ರತಿಯೊಂದು ಫೈಲಿನಲ್ಲಿಯೂ ಒಬ್ಬರ ಮರಣದ ದಾಖಲೆ ಇದ್ದೇ ಇರುತ್ತದೆ. ಆತ ಎಂದು ಸೇವೆಗೆ ಸೇರಿದ, ಎಷ್ಟು ದಿನ ರಜೆ ಹಾಕಿದ, ಯಾವ ವರ್ಷ ಯಾವ ತಪ್ಪಿಗಾಗಿ ವೇತನಬಡ್ತಿ ನಿಂತಿತು, ತೆಗೆದುಕೊಂಡ ಮುಂಗಡದಲ್ಲಿ ಎಷ್ಟು ಬಾಕಿ ಉಳಿಯಿತು, ಎಲ್ಲವೂ ಸೇವಾ ಪುಸ್ತಕದಲ್ಲಿ ಬರೆದಿದೆ. ಅದನ್ನು ಓದಿ, ಕೂಡಿಸಿ ಕಳೆದು, ಕೊನೆಗೊಂದು ಟಿಪ್ಪಣಿ ಬರೆದು ಮೇಲಿನವರ ಸಹಿಗೆ ಇಡುವುದು ನನ್ನ ಉದ್ಯೋಗ. ಸಹಿ ಹಾಕುವ ಧರ್ಮರಾಯರು ಬೇರೆ ಕೋಣೆಯಲ್ಲಿ, ತಂಪಿನಲ್ಲಿ ಕುಳಿತಿರುತ್ತಾರೆ. ಆದುದರಿಂದ ಹೆಸರು ಒಪ್ಪುವಂಥದೇ. ನಾನೂ ಬೇಸರಪಟ್ಟುಕೊಂಡಿಲ್ಲ.

ನಮ್ಮಲ್ಲಿ ಸತ್ತವರ ವಿಚಾರಣೆ ಮಾತ್ರವಲ್ಲ, ಬದುಕಿರುವವರದೂ ನಡೆಯುತ್ತದೆ. ಪ್ರತಿ ನವೆಂಬರಿನಲ್ಲಿ ಪಿಂಚಣಿದಾರರು ತಾವು ಬದುಕಿದ್ದೇವೆಂದು ಪ್ರಮಾಣ ಒಪ್ಪಿಸಬೇಕು. 2014ರಲ್ಲಿ ‘ಜೀವನ ಪ್ರಮಾಣ’ ಎಂಬ ಏರ್ಪಾಡು ಬಂದ ಮೇಲೆ ಯಂತ್ರದ ಮೇಲೆ ಬೆರಳು ಒತ್ತಿದರೆ ಸಾಕು ಎಂದಾಯಿತು. ಆದರೆ ಜೀವಮಾನವಿಡೀ ಪಾತ್ರೆ ಉಜ್ಜಿ, ಬಟ್ಟೆ ಒಗೆದು, ಗುದ್ದಲಿ ಹಿಡಿದು ಬೆರಳಿನ ಗೆರೆ ಸವೆಸಿಕೊಂಡವರನ್ನು ಯಂತ್ರ ಗುರುತಿಸಲೊಲ್ಲದು. ಎದುರಿಗೆ ಕುಳಿತು ಕೆಮ್ಮುತ್ತಿರುವವರನ್ನು ‘ಗುರುತು ಸಿಗಲಿಲ್ಲ’ ಎಂದು ಹಿಂದಕ್ಕೆ ಕಳುಹಿಸಿದ್ದುಂಟು. 2021ರಿಂದ ಮುಖ ನೋಡಿ ಗುರುತಿಸುವ ವ್ಯವಸ್ಥೆಯೂ ಬಂದಿರುವುದರಿಂದ ಈಗ ಕಷ್ಟ ಸ್ವಲ್ಪ ಕಡಮೆ.

ಇಷ್ಟು ಪೀಠಿಕೆ ಏಕೆಂದರೆ, ಇತ್ತೀಚೆಗೆ ನಮ್ಮ ಮನೆಯಲ್ಲಿಯೇ ಇನ್ನೊಬ್ಬ ಚಿತ್ರಗುಪ್ತನ ಪರಿಚಯ ನನಗಾಯಿತು. ಅವನು ಜಪಾನಿನವನು.

ನನ್ನ ಅಕ್ಕನ ಮಗಳು ಕಳೆದ ಜೂನಿನಲ್ಲಿ ಉಡುಪಿ ಕಡೆಯಿಂದ ನಮ್ಮ ಡೊಂಬಿವಲಿಯ ಮನೆಗೆ ಬಂದಳು. ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಎರಡು ಸಲ ಕುಳಿತು ಎರಡು ಸಲವೂ ಅಂಕ ಸಾಲದೆ, ಕೊನೆಗೆ ಇಲ್ಲಿ ಬಿ.ಎಸ್‌ಸಿ.ಗೆ ಸೇರಿದ್ದಳು. ಮೊದಲು ಮಾತಿನ ಮಲ್ಲಿಯಾಗಿದ್ದ ಹುಡುಗಿ. ಬಂದ ಮೇಲೆ ಕೇಳಿದ್ದಕ್ಕೆ ಮಾತ್ರ ಉತ್ತರ. ರಾತ್ರಿ ಊಟವಾದ ಮೇಲೆ ಕಿವಿಗೆ ಏನೋ ಸಿಕ್ಕಿಸಿಕೊಂಡು ಲ್ಯಾಪ್‌ಟಾಪಿನ ಮುಂದೆ ಕುಳಿತುಬಿಡುವಳು. ಒಂದು ದಿನ ನನ್ನ ಹೆಂಡತಿ ಅಡಿಗೆಮನೆಗೆ ನನ್ನನ್ನು ಕರೆದು, “ಅದೆಂತದೋ ಸತ್ತವರ ಕಥೆಯಂತೆ. ದಿನಾ ಅದನ್ನೇ ನೋಡ್ತಾಳೆ. ನೀವೊಮ್ಮೆ ವಿಚಾರಿಸಬಾರದಾ?” ಎಂದಳು. ವಿಚಾರಣೆ ನನ್ನ ಕಸುಬು. ಆದರೆ ಹದಿನೆಂಟರ ಹುಡುಗಿಯನ್ನು ವಿಚಾರಿಸುವುದು ಹೇಗೆ? ಸುಮ್ಮನೆ ಹೋಗಿ ಪಕ್ಕದಲ್ಲಿ ಕುಳಿತೆ. ಅವಳು ಒಂದು ಕಿವಿಯದನ್ನು ತೆಗೆದು ನನಗೆ ಕೊಟ್ಟಳು. “ಮಾವ, ನಿಮ್ಮ ಆಫೀಸಿನದ್ದೇ ಕಥೆ ಇದು. ನೋಡಿ” ಎಂದಳು.

ಚಿತ್ರದ ಹೆಸರು ‘ಡೆತ್ ಪರೇಡ್’. ಬರೆದ ಚಿತ್ರಗಳಿಗೆ ಚಲನೆ ಕೊಟ್ಟು ಮಾಡುವ, ಅನಿಮೆ ಎಂದು ಕರೆಯುವ ಜಾತಿಯದು. ಯುಜುರು ತಚಿಕಾವಾ ಎಂಬವನು 2013ರಲ್ಲಿ ‘ಡೆತ್ ಬಿಲಿಯರ್ಡ್ಸ್’ ಎಂಬ ಕಿರುಚಿತ್ರವೊಂದನ್ನು ಮಾಡಿ, ಅದನ್ನೇ ಬೆಳೆಸಿ 2015ರಲ್ಲಿ ಹನ್ನೆರಡು ಕಂತುಗಳಲ್ಲಿ ತೆಗೆದದ್ದು. ಮಕ್ಕಳ ಬೊಂಬೆಯಾಟವೆಂದು ತಿಳಿದು ಕುಳಿತ ನಾನು ಎರಡನೆಯ ಕಂತಿಗೆ ಕನ್ನಡಕ ಒರೆಸಿಕೊಂಡೆ. ಮೂರನೆಯದರ ಹೊತ್ತಿಗೆ ಮರುದಿನದ ಎಂಟರ ಲೋಕಲ್ ಮರೆತಿತ್ತು.

ಕಥೆಯ ಕಟ್ಟು ಇಷ್ಟೇ: ಒಂದೇ ಹೊತ್ತಿಗೆ ಸತ್ತ ಇಬ್ಬರು ಒಂದು ಪಾನಗೃಹಕ್ಕೆ ಬರುತ್ತಾರೆ. ತಾವು ಸತ್ತಿದ್ದೇವೆಂದು ಅವರಿಗೆ ತಿಳಿಯದು. ‘ಕ್ವಿನ್‌ಡೆಸಿಮ್’ ಎಂದು ಆ ಸ್ಥಳದ ಹೆಸರು. ಲ್ಯಾಟಿನಿನಲ್ಲಿ ಹದಿನೈದು ಎಂದರ್ಥ. ಅಲ್ಲಿ ಗಿರಾಕಿಗಳಿಗೆ ಪಾನೀಯ ಬೆರೆಸಿ ಕೊಡುವ ಬಿಳಿಗೂದಲಿನ ಸೌಮ್ಯ ತರುಣ ಡೆಸಿಮ್. ಅವನೇ ನ್ಯಾಯಾಧೀಶ. ಒಂದು ಆಟ ಆಡಿರಿ, ಪ್ರಾಣವನ್ನೇ ಪಣವಿಟ್ಟು ಆಡಿರಿ, ಆಟ ಮುಗಿಯದೆ ಇಲ್ಲಿಂದ ಹೋಗುವಂತಿಲ್ಲ ಎಂದು ಅವರಿಗೆ ಹೇಳುತ್ತಾನೆ. ಆಡುತ್ತಾಡುತ್ತಾ ಅವರಿಗೆ ಬದುಕಿದ್ದ ದಿನಗಳ ನೆನಪು ಮರಳುತ್ತದೆ. ಒಳಗಿನ ಬಣ್ಣ ಹೊರಕ್ಕೆ ಬರುತ್ತದೆ. ಅದನ್ನು ನೋಡಿಯೇ ಅವನ ತೀರ್ಪು. ಕೊನೆಗೆ ಮುಖವಾಡ ತೂಗಿದ ಎರಡು ಲಿಫ್ಟುಗಳು: ಒಂದು ಮರುಹುಟ್ಟಿಗೆ, ಇನ್ನೊಂದು ಶೂನ್ಯಕ್ಕೆ. ನರಕವೆಂಬುದು ಅಲ್ಲಿಲ್ಲ. ಎಣ್ಣೆಯ ಕೊಪ್ಪರಿಗೆಯೂ ಇಲ್ಲ. ಸುಮ್ಮನೆ ಇಲ್ಲವಾಗುವುದು, ಅದು ಕೊಪ್ಪರಿಗೆಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತೆಂದು ಒಪ್ಪಿಕೊಳ್ಳುತ್ತೇನೆ.

ಡೆಸಿಮ್ ಮನುಷ್ಯನಲ್ಲ. ತೀರ್ಪುಗಾರರೆಲ್ಲ ಬೊಂಬೆಗಳು. ಅವರಿಗೆ ಸಾವಿಲ್ಲ, ತೀರ್ಪು ಕೊಡುವುದನ್ನು ಬಿಡುವಂತಿಲ್ಲ, ಮನುಷ್ಯರ ಭಾವನೆಗಳು ಇರಕೂಡದು ಎಂದು ನಿಯಮ. ನಮ್ಮಲ್ಲಿ ಹೊಸದಾಗಿ ಸೇರಿದವರಿಗೆ ಹಿರಿಯ ಕಾರಕೂನರು ಹೇಳಿಕೊಡುವುದೂ ಹೆಚ್ಚು ಕಡಮೆ ಇದನ್ನೇ. “ಮುಖ ನೋಡಬೇಡ, ಕಾಗದ ನೋಡು.” ನಾನು ಆ ಪಾಠವನ್ನು ಚೆನ್ನಾಗಿಯೇ ಕಲಿತಿದ್ದೆ.

ಪಾತ್ರಗಳನ್ನು ನೋಡುತ್ತಾ ನನ್ನ ಮನಸ್ಸು ಹೋದದ್ದು ಯಕ್ಷಗಾನದ ಕಡೆಗೆ. ಇದಕ್ಕೆ ವಾಚಕರು ನಗಬಾರದು. ಪತ್ತನಾಜೆಗೆ ಊರಿನಲ್ಲಿ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ಕಲಾವಿದರು ಮುಂಬಯಿಗೆ ಬರುವುದು ನಮ್ಮ ತಂದೆಯವರ ಕಾಲದಿಂದಲೂ ನಡೆದುಬಂದದ್ದು. ತಂದೆಯವರು ಹೋಟೆಲಿನಲ್ಲಿ ಕೆಲಸ ಮಾಡುತ್ತಾ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ರಜೆ ಕೇಳುತ್ತಿದ್ದುದು ಎರಡೇ ಕಾರಣಕ್ಕೆ, ಊರಿನ ಜಾತ್ರೆ ಮತ್ತು ಇಲ್ಲಿಯ ಆಟ. ಮಾಟುಂಗ, ಮಾಹಿಮಿನ ಸಭಾಗೃಹಗಳಲ್ಲಿ ಹೊರಗೆ ಧಾರಾಕಾರ ಮಳೆ, ಒಳಗೆ ಚೆಂಡೆ. ನಾನು ಅವರ ತೊಡೆಯ ಮೇಲೆ ಕುಳಿತು ಅರ್ಧ ನಿದ್ದೆಯಲ್ಲಿ ನೋಡಿದ ಮೊದಲ ಯಮ ಸಾವಿತ್ರಿಯ ಪ್ರಸಂಗದವನು. ಕೈಯಲ್ಲಿ ಪಾಶ, ಕಪ್ಪು ಮೋರೆ, ಮೀಸೆ. ನಾನು ಅತ್ತೆನಂತೆ. ಹಿಂದೆಯೇ ಬಂದ ಚಿತ್ರಗುಪ್ತನನ್ನು ನೋಡಿ ನಕ್ಕೆನಂತೆ. ಆ ದಿನ ಅವನ ಪಾತ್ರ ಹಾಸ್ಯಗಾರನದು. ಕಂಕುಳಲ್ಲಿ ಒಂದು ಕಡತ, ಕಿವಿಯ ಮೇಲೊಂದು ಲೇಖನಿ, ಪುಟ ತಿರುವಿದಷ್ಟೂ ಸತ್ಯವಾನನ ಹೆಸರು ಸಿಗುತ್ತಿಲ್ಲ.

ಯಕ್ಷಗಾನದಲ್ಲಿ ಪಾತ್ರವನ್ನು ಮೊದಲು ವೇಷದಿಂದ ತಿಳಿಯುತ್ತೇವೆ. ರಾಜವೇಷ, ಪುಂಡುವೇಷ, ಬಣ್ಣದ ವೇಷ, ಸ್ತ್ರೀವೇಷ, ಹಾಸ್ಯ ಎಂದು ಅಚ್ಚುಗಳಿವೆ. ಪರದೆಯ ಹಿಂದಿನಿಂದ ಕಿರೀಟ ಕಂಡ ಕೂಡಲೆ ಇವನು ಯಾವ ಜಾತಿಯವನೆಂದು ಹಿಂದಿನ ಸಾಲಿನ ಮಗುವಿಗೂ ಗೊತ್ತು. ಆದರೆ ಆಟ ಕಳೆಗಟ್ಟುವುದು ಅಚ್ಚಿನೊಳಗಿನವನು ಅಚ್ಚನ್ನು ಮೀರಿ ಅರ್ಥ ಹೇಳಿದಾಗ. ಬಣ್ಣದ ವೇಷದ ರಾಕ್ಷಸ ಒಂದು ಗಳಿಗೆ ತಂದೆಯಾಗಿ ಮಗನಿಗಾಗಿ ಅತ್ತನೆಂದರೆ ಬೆಳಗಿನ ಜಾವದ ಸಭೆಯೂ ಎದ್ದು ಕೂರುತ್ತದೆ.

ಜಪಾನಿನವರ ಚಿತ್ರದಲ್ಲಿಯೂ ಇದೇ ಲೆಕ್ಕಾಚಾರ ಕಂಡಿತು. ಗಿಂಟಿ ಎಂಬ ಇನ್ನೊಬ್ಬ ತೀರ್ಪುಗಾರನಿದ್ದಾನೆ. ಕೆಂಪು ಕೂದಲು, ಮೂಗಿನ ತುದಿಯಲ್ಲಿ ಕೋಪ, ಮನುಷ್ಯರೆಂದರೆ ತಿರಸ್ಕಾರ. ಇವನು ಬಣ್ಣದ ವೇಷವೆನ್ನಲು ಶಾಸ್ತ್ರ ನೋಡಬೇಕಿಲ್ಲ. ನೋನಾ ಎಂಬವಳು ನೋಡುವುದಕ್ಕೆ ಶಾಲೆಯ ಹುಡುಗಿ, ಅಧಿಕಾರದಲ್ಲಿ ಇವರೆಲ್ಲರ ಮೇಲ್ವಿಚಾರಕಿ. ಈ ಜಾತಿಯವರು ಕಛೇರಿಗಳಲ್ಲಿಯೂ ಇದ್ದಾರೆ. ಮೆಲ್ಲಗೆ ಮಾತಾಡುತ್ತಾರೆ, ಇಡೀ ವಿಭಾಗ ನಡುಗುತ್ತದೆ. ಕ್ವಿನ್ ಎಂಬವಳು ಸತ್ತವರ ನೆನಪುಗಳನ್ನು ವಿಂಗಡಿಸಿ ಕಳುಹಿಸುವ ಖಾತೆಯವಳು. ನಮ್ಮ ರೆಕಾರ್ಡ್ ರೂಮು. ಎಲ್ಲರಿಗಿಂತ ಮೇಲೆ ಓಕ್ಯುಲಸ್ ಎಂಬ ಮುದುಕ. ಗ್ರಹಗಳನ್ನೇ ಚೆಂಡು ಮಾಡಿಕೊಂಡು ಬಿಲಿಯರ್ಡ್ಸ್ ಆಡುತ್ತಾ, ತೀರ್ಪುಗಾರರಿಗೆ ಭಾವನೆ ಬರಬಾರದೆಂದು ಕಟ್ಟುನಿಟ್ಟು ಮಾಡುವವನು. ಅವನು ತಾನೇ ಒಬ್ಬರಿಗೂ ತೀರ್ಪು ಕೊಡುವುದಿಲ್ಲವೆಂಬುದನ್ನು ಗಮನಿಸಿದೆ. ಆದರೆ ಡೆಸಿಮನಿಗೆ ಯಾವ ವೇಷ? ರಾಜವೇಷದ ಗತ್ತಿಲ್ಲ, ಪುಂಡುವೇಷದ ಹಾರಾಟವಿಲ್ಲ. ಬಣ್ಣ ಹಚ್ಚದೆ ಚೌಕಿಯಲ್ಲಿ ಕುಳಿತ ಮೋರೆ ಅದು. ಬಣ್ಣ ಬರುವುದೇ ಕಥೆ.

ಈ ಕಥೆಗೆ ಯಮ ಹೊರಗಿನವನಲ್ಲ. ನಮ್ಮ ಯಮರಾಜನೇ ಬೌದ್ಧರ ಜೊತೆಯಲ್ಲಿ ಚೀನಕ್ಕೆ ಹೋಗಿ, ಅಲ್ಲಿಂದ ಸಮುದ್ರ ದಾಟಿ ಜಪಾನಿನಲ್ಲಿ ‘ಎಮ್ಮ’ ಎಂದಾಗಿದ್ದಾನೆ. ಅಲ್ಲಿಯ ಮಂದಿರಗಳಲ್ಲಿ ಅವನದು ಚೀನದ ನ್ಯಾಯಾಧಿಕಾರಿಯ ಉಡುಪು, ಕೆಂಗಣ್ಣು. ಸುಳ್ಳು ಹೇಳಿದರೆ ಎಮ್ಮ ನಾಲಗೆ ಕೀಳುತ್ತಾನೆಂದು ಮಕ್ಕಳನ್ನು ಹೆದರಿಸುವ ವಾಡಿಕೆಯುಂಟು. ಸತ್ತವನ ಕೃತ್ಯಗಳನ್ನು ತೋರಿಸುವ ಒಂದು ಕನ್ನಡಿ ಅವನ ಬಳಿ ಇದೆ. ನನಗೆ ಎಲ್ಲಕ್ಕಿಂತ ಸಂತೋಷವಾದ ಸಂಗತಿಯೆಂದರೆ, ಅವನ ಅಕ್ಕಪಕ್ಕದಲ್ಲಿ ಬರೆದುಕೊಳ್ಳುವವರು ಇಬ್ಬರು ನಿಂತಿರುತ್ತಾರೆ. ಚಿತ್ರಗುಪ್ತನೊಬ್ಬನ ಕೆಲಸಕ್ಕೆ ಅಲ್ಲಿ ಎರಡು ಹುದ್ದೆ ಮಂಜೂರಾಗಿದೆ. ನಮ್ಮ ವಿಭಾಗದಲ್ಲಿ ಖಾಲಿ ಬಿದ್ದ ಹುದ್ದೆಗಳ ಲೆಕ್ಕ ಬಲ್ಲವರಿಗೆ ಇದರ ಮಹತ್ವ ತಿಳಿದೀತು.

ಇಲ್ಲಿಯೂ ಚಿತ್ರಗುಪ್ತನಿಗೆ ಗೌರವ ಇಲ್ಲವೆಂದಲ್ಲ. ಉತ್ತರದ ಕಾಯಸ್ಥರು ಯಮದ್ವಿತೀಯದ ದಿನ ಲೇಖನಿ ಮಸಿಕುಡಿಕೆ ಇಟ್ಟು ಅವನನ್ನು ಪೂಜಿಸುತ್ತಾರೆ. ಕಂಚಿಯಲ್ಲಿ ಅವನಿಗೊಂದು ಗುಡಿಯೇ ಇದೆ. ಆದರೂ ನಾನು ನೋಡಿದ ಆಟಗಳಲ್ಲಿ ಅವನು ನಗಿಸುವವನೇ. ತಪ್ಪು ಹೆಸರಿನವನನ್ನು ಎಳೆದು ತರಿಸುವವನು, ಪುಟ ಅಂಟಿಕೊಂಡವನು. ಜನ ಹಾಗೆ ನಕ್ಕದ್ದು ಸುಮ್ಮನೆ ಅಲ್ಲವೆಂದು ಈಗೀಗ ಅನಿಸುತ್ತದೆ. ಯಮನನ್ನು ಕಂಡರೆ ಭಯ. ಬರೆಯುವವನು ತಪ್ಪು ಬರೆದಾನು ಎಂಬುದು ಅದಕ್ಕಿಂತ ದೊಡ್ಡ ಭಯ. ಆ ಭಯಕ್ಕೆ ನಗುವಲ್ಲದೆ ಬೇರೆ ಮದ್ದಿಲ್ಲ.

ಮೊದಲನೆಯ ಕಂತಿನಲ್ಲಿಯೇ ಅಂಥ ತಪ್ಪೊಂದಿದೆ. ಹೊಸದಾಗಿ ಮದುವೆಯಾದ ಗಂಡಹೆಂಡಿರು ಬರುತ್ತಾರೆ. ಗುರಿಹಲಗೆಗೆ ಮೊನೆ ಎಸೆಯುವ ಆಟ. ಹಲಗೆಯ ಒಂದೊಂದು ಭಾಗಕ್ಕೆ ತಾಗಿದರೆ ಎದುರಾಳಿಯ ಒಂದೊಂದು ಅಂಗಕ್ಕೆ ನೋವು. ಆಟ ಮುಂದುವರಿದಂತೆ ಗಂಡನ ಸಂಶಯ ಹೊರಬೀಳುತ್ತದೆ. ಕೊನೆಗೆ ಹೆಂಡತಿ, ನಾನು ನಿನ್ನನ್ನು ಹಣಕ್ಕಾಗಿಯೇ ಮದುವೆಯಾದದ್ದು ಎಂದು ಕೂಗಿಬಿಡುತ್ತಾಳೆ. ಡೆಸಿಮ್ ಅದನ್ನು ಬರೆದುಕೊಂಡು ಅವಳನ್ನು ಶೂನ್ಯಕ್ಕೆ ಕಳುಹಿಸುತ್ತಾನೆ. ಎರಡನೆಯ ಕಂತಿನಲ್ಲಿ, ಅವನ ಸಹಾಯಕಿಯಾಗಿ ಬಂದ ಕಪ್ಪು ಕೂದಲಿನ ಹುಡುಗಿ ಕೇಳುತ್ತಾಳೆ: ಅವಳು ಸುಳ್ಳು ಹೇಳಿರಬಹುದಲ್ಲ? ಗಂಡನಿಗೆ ಪಶ್ಚಾತ್ತಾಪದ ಭಾರ ಉಳಿಯದಿರಲೆಂದು ತಾನೇ ಕೆಟ್ಟವಳಾಗಿರಬಹುದಲ್ಲ? ಡೆಸಿಮ್ ನಿಂತುಬಿಡುತ್ತಾನೆ. ಅವನಿಗೆ ಹೊಳೆದೇ ಇರಲಿಲ್ಲ. ತೀರ್ಪು ಆಗಿಹೋಗಿದೆ, ಲಿಫ್ಟು ಇಳಿದುಹೋಗಿದೆ.

“ಮಾವ, ನಮ್ಮ ಕಥೆಗಳಲ್ಲಿ ಯಮ ತಪ್ಪು ಮಾಡಿದ್ದುಂಟಾ?” ಎಂದು ಸೊಸೆ ಕೇಳಿದಳು. ತಿಂಗಳ ಮೇಲೆ ಅವಳು ತಾನಾಗಿ ಕೇಳಿದ ಮೊದಲ ಪ್ರಶ್ನೆ.

ನಾನು ಅಣಿಮಾಂಡವ್ಯನ ಕಥೆ ಹೇಳಿದೆ. ಮೌನವ್ರತದಲ್ಲಿದ್ದ ಋಷಿಯ ಆಶ್ರಮದಲ್ಲಿ ಕಳ್ಳರು ಮಾಲನ್ನು ಅಡಗಿಸಿಟ್ಟರು, ರಾಜಭಟರು ಕೇಳಿದರೆ ಋಷಿ ಮಾತಾಡಲಿಲ್ಲ, ಅವನನ್ನೂ ಶೂಲಕ್ಕೇರಿಸಿದರು. ಅವನು ಸಾಯಲಿಲ್ಲ. ನೇರವಾಗಿ ಧರ್ಮರಾಯನ ಸಭೆಗೆ ಹೋಗಿ, ಯಾವ ಪಾಪಕ್ಕೆ ನನಗೆ ಈ ಶಿಕ್ಷೆಯೆಂದು ಕೇಳಿದ. ಹುಡುಗನಾಗಿದ್ದಾಗ ಹುಳುಗಳಿಗೆ ಹುಲ್ಲಿನ ಕಡ್ಡಿ ಚುಚ್ಚಿದ್ದೆ, ಅದಕ್ಕೆ ಎಂದು ಉತ್ತರ ಬಂತು. ದಾಖಲೆ ಸರಿಯಾಗಿಯೇ ಇತ್ತು, ತಪ್ಪಿದ್ದು ತಕ್ಕಡಿ. ಇಷ್ಟು ಸಣ್ಣ ತಪ್ಪಿಗೆ ಇಷ್ಟು ದೊಡ್ಡ ದಂಡವೇ ಎಂದು ಮಾಂಡವ್ಯ ಅಲ್ಲಿಯೇ ನಿಯಮ ಮಾಡಿದ: ಹದಿನಾಲ್ಕು ವರ್ಷದವರೆಗೆ ಮಕ್ಕಳು ಮಾಡಿದ್ದು ಪಾಪವಲ್ಲ. ಧರ್ಮರಾಯನಿಗೇ ಶಾಪ ಕೊಟ್ಟು ಭೂಮಿಗೆ ಕಳುಹಿಸಿದ. ಆ ಶಾಪದಿಂದ ಯಮ ದಾಸಿಯ ಹೊಟ್ಟೆಯಲ್ಲಿ ವಿದುರನಾಗಿ ಹುಟ್ಟಿ, ಎಲ್ಲರಿಗಿಂತ ಹೆಚ್ಚು ನ್ಯಾಯ ತಿಳಿದಿದ್ದೂ ತೀರ್ಪು ಕೊಡುವ ಅಧಿಕಾರವಿಲ್ಲದೆ ಸಭೆಯ ಒಂದು ಬದಿಯಲ್ಲಿ ಜೀವಮಾನ ಕಳೆದ.

“ಅಂದರೆ ಯಮನನ್ನು ಮನುಷ್ಯ ಮಾಡಿ ಕಳಿಸಿದ್ರು” ಎಂದಳು ಅವಳು. ನಾನು ಮೂವತ್ತು ವರ್ಷದಿಂದ ಕೇಳಿದ ಕಥೆ. ಹೀಗೆ ಎಂದೂ ಹೊಳೆದಿರಲಿಲ್ಲ.

ಆ ಮೇಲೆ ನಮ್ಮಿಬ್ಬರಿಗೂ ಇದೊಂದು ಆಟವೇ ಆಯಿತು. ನಚಿಕೇತನನ್ನು ನೆನೆದೆವು. ಆ ಹುಡುಗ ಯಮನ ಮನೆಬಾಗಿಲಲ್ಲಿ ಮೂರು ರಾತ್ರಿ ಉಪವಾಸ ಕಾದ. ಯಮ ಬಂದವನೇ ಕಾಯಿಸಿದ್ದಕ್ಕೆ ನೊಂದು ಮೂರು ವರ ಕೊಟ್ಟ. ಅರ್ಜಿದಾರನನ್ನು ಮೂರು ದಿನ ಕಾಯಿಸಿದ್ದಕ್ಕೆ ಅಧಿಕಾರಿ ಪರಿಹಾರ ಕೊಟ್ಟ ಇನ್ನೊಂದು ಉದಾಹರಣೆ ನನ್ನ ಸೇವಾವಧಿಯಲ್ಲಿ ನಾನು ಕಂಡಿಲ್ಲ. ಸಾವಿತ್ರಿಯನ್ನು ನೆನೆದೆವು. ಅವಳು ಹಿಂದೆ ಹಿಂದೆ ನಡೆಯುತ್ತಾ ಮಾತಾಡಿದಳು; ಯಮ ಕೇಳುತ್ತಾ ಕೇಳುತ್ತಾ ಕೊಟ್ಟ. ಪಾಶ ಹಿಡಿದವನಿಗೆ ಕಿವಿಯೂ ಇತ್ತು. ನಮ್ಮ ಯಮನ ಗುಣವೆಂದು ನಾನು ಎತ್ತಿ ಹೇಳುವುದಾದರೆ ಅದನ್ನೇ: ಎದುರಿಗೆ ನಿಂತವನು ಬಾಯಿಬಿಟ್ಟರೆ ಅವನು ನಿಂತು ಕೇಳುತ್ತಾನೆ. ಡೆಸಿಮನಿಗೆ ಅದನ್ನು ಆ ಕಪ್ಪು ಕೂದಲಿನ ಹುಡುಗಿ ಕಲಿಸಬೇಕಾಯಿತು.

ಆ ಹುಡುಗಿಯ ಹೆಸರು ಚಿಯುಕಿ. ಹೆಸರು ತಿಳಿಯುವುದು ಕಥೆ ಮುಗಿಯುತ್ತ ಬಂದಾಗ. ಅವಳೂ ಸತ್ತು ಬಂದವಳೇ. ಬಂದಾಗಲೇ ತಾನು ಸತ್ತಿದ್ದೇನೆಂದು ಅರಿತಿದ್ದಳು. ಆದುದರಿಂದ ಅವಳ ತೀರ್ಪು ಸಾಧ್ಯವಾಗದೆ, ನೆನಪು ಅಳಿಸಿ ಸಹಾಯಕಿಯಾಗಿ ಇಟ್ಟುಕೊಂಡಿದ್ದರು. ಬದುಕಿದ್ದಾಗ ಹಿಮದ ಮೇಲೆ ಜಾರುತ್ತ ನರ್ತಿಸುವ ಕಲೆಯಲ್ಲಿ ಮುಂದೆ ಬರುತ್ತಿದ್ದವಳು. ಮೊಣಕಾಲಿಗೆ ಪೆಟ್ಟಾಗಿ ಅದು ನಿಂತಿತು. ಅದಿಲ್ಲದೆ ತಾನೇನೂ ಅಲ್ಲವೆಂದು ತಿಳಿದು, ಒಬ್ಬರಿಗೂ ಹೇಳದೆ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡಳು.

ಇದು ತೆರೆಯ ಮೇಲೆ ಬಂದಾಗ ನಾನು ಪಕ್ಕಕ್ಕೆ ತಿರುಗಿ ನೋಡಲಿಲ್ಲ. ನೋಡುವ ಧೈರ್ಯವಾಗಲಿಲ್ಲವೆಂದರೂ ಸರಿಯೆ. ಎರಡು ಸಲ ಅಂಕ ಸಾಲದೆ ಹೋದ ಹುಡುಗಿ ಪಕ್ಕದಲ್ಲಿದ್ದಾಳೆ. ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿದೆ. ನನ್ನ ಹೆಂಡತಿಯೂ ಬಾಗಿಲಲ್ಲಿ ನಿಂತು ನೋಡುತ್ತಿದ್ದಾಳೆ.

ಕೊನೆಯ ಕಂತಿನಲ್ಲಿ ಡೆಸಿಮ್ ಅವಳನ್ನು ಅವಳ ಮನೆಗೇ ಕರೆದೊಯ್ದಂತೆ ತೋರಿಸುತ್ತಾನೆ. ಅಲ್ಲಿ ತಾಯಿ ಒಬ್ಬಳೇ. ಮಗಳಿಗೆ ತಾನು ಏನನ್ನೂ ಮಾಡಲಾಗಲಿಲ್ಲವಲ್ಲ ಎಂದು ಕುಗ್ಗಿಹೋಗಿದ್ದಾಳೆ. ಮಗಳು ಎದುರಿಗೆ ನಿಂತು ಕರೆದರೂ ಅವಳಿಗೆ ಕೇಳಿಸದು. ಆಗ ಡೆಸಿಮ್ ಒಂದು ಗುಂಡಿ ತೋರಿಸುತ್ತಾನೆ: ಇದನ್ನು ಒತ್ತಿದರೆ ನೀನು ಬದುಕಿ ಮನೆಗೆ ಮರಳುತ್ತೀ, ನಿನಗೆ ಪರಿಚಯವಿಲ್ಲದ ಯಾರೋ ಒಬ್ಬರು ನಿನ್ನ ಬದಲಿಗೆ ಸಾಯುತ್ತಾರೆ. ಅವಳ ಕೈ ಗುಂಡಿಯ ತನಕ ಹೋಗುತ್ತದೆ. ಒತ್ತುವುದಿಲ್ಲ. ಆ ಯಾರೋ ಒಬ್ಬರಿಗೂ ಹೀಗೆ ಕಾಯುವವರಿದ್ದಾರೆಂದು ಅವಳಿಗೆ ಈಗ ತಿಳಿದಿದೆ. ಪರೀಕ್ಷಿಸಲು ನಿಂತ ಡೆಸಿಮನೇ ಕುಸಿದು ಬೀಳುತ್ತಾನೆ; ಆ ತನಕ ಬರೆದುಕೊಂಡವರೆಲ್ಲರ ನೋವು ಒಮ್ಮೆಗೇ ಅವನಿಗೆ ತಟ್ಟುತ್ತದೆ. ಬೊಂಬೆಯ ಕಣ್ಣಿನಲ್ಲಿ ನೀರು. ಅವಳನ್ನು ಮರುಹುಟ್ಟಿನ ಲಿಫ್ಟಿಗೆ ಹತ್ತಿಸುವಾಗ ಅವನು ನಗಲು ಕಲಿಯುತ್ತಾನೆ.

ಚಿತ್ರ ಮುಗಿದ ಮೇಲೆ ಯಾರೂ ದೀಪ ಹಾಕಲಿಲ್ಲ. ಸ್ವಲ್ಪ ಹೊತ್ತಿಗೆ ಸೊಸೆ, “ಅಮ್ಮ ಮಲಗಿರ್ತಾಳಾ ಈಗ?” ಎಂದಳು. ಹನ್ನೊಂದೂವರೆ. ಊರಿನಲ್ಲಿ ಅಕ್ಕ ಒಂಬತ್ತಕ್ಕೇ ಮಲಗುವವಳು. “ಮಲಗಿದ್ರೆ ಏಳ್ತಾಳೆ, ಫೋನು ಮಾಡು” ಎಂದು ನನ್ನ ಹೆಂಡತಿಯೇ ಹೇಳಿದಳು. ಒಳಗಿನ ಕೋಣೆಯಿಂದ ಒಂದು ಗಂಟೆಯ ತನಕ ಮಾತು ಕೇಳಿಸುತ್ತಿತ್ತು, ನಡುನಡುವೆ ಅಳುವೂ. ಏನು ಮಾತಾಡಿದರೆಂದು ನಾನು ವಿಚಾರಿಸಲಿಲ್ಲ. ಮರುದಿನ ಬೆಳಿಗ್ಗೆ ಅಕ್ಕ ನನಗೆ ಫೋನು ಮಾಡಿ, “ಹುಡುಗಿಗೆ ಎಂತ ಹೇಳಿದೆಯೋ ಮಾರಾಯ?” ಎಂದಳು. ನಾನು ಹೇಳಿದ್ದು ಏನೂ ಇಲ್ಲವೆಂದರೆ ನಂಬಲಿಲ್ಲ.

ಆ ವಾರ ಒಂದು ಸಂಜೆ ಸೊಸೆ ಕೇಳಿದ ಇನ್ನೊಂದು ಮಾತಿನಿಂದ ಈ ಲೇಖನ ಬರೆಯುವ ಪ್ರಸಂಗ ಬಂದದ್ದು. ಡೆಸಿಮನಿಗೆ ಒಂದು ಅಭ್ಯಾಸವಿದೆ. ತಾನು ತೀರ್ಪು ಕೊಟ್ಟವರನ್ನು ಮರೆಯಬಾರದೆಂದು ಅವರಂತೆಯೇ ಬೊಂಬೆ ಮಾಡಿ, ಅವರ ಬಟ್ಟೆ ತೊಡಿಸಿ ಇಟ್ಟುಕೊಳ್ಳುತ್ತಾನೆ. “ಮಾವ, ನಿಮ್ಮ ಹತ್ರ ಬಂದವರ ಮುಖ ನಿಮಗೆ ನೆನಪಿರ್ತದಾ?” ಎಂದಳು.

ಫೈಲಿನ ನಂಬರು ನೆನಪಿರುತ್ತದೆ ಎಂದೆ. ಅವಳು ನಕ್ಕಳು. ನಾನು ಹೇಳದೆ ಬಿಟ್ಟದ್ದನ್ನು ಇಲ್ಲಿ ಹೇಳುತ್ತೇನೆ. ಒಂದು ಮುಖ ನೆನಪಿದೆ.

ಅದಕ್ಕೆ ಹಿಂದಿನ ವರ್ಷದ ಮಳೆಗಾಲ. ಅರುವತ್ತು ದಾಟಿದ ಒಬ್ಬ ಅಜ್ಜಿ, ಸಂಗಡ ಹದಿನೈದರ ಮೊಮ್ಮಗ. ಗಂಡ ನಾಲ್ಕನೆಯ ದರ್ಜೆಯ ನೌಕರನಾಗಿದ್ದು ತೀರಿಕೊಂಡಿದ್ದ. ಇಳಕಲ್ ಸೀರೆ, ಹಣೆ ಬರಿದು, ಕೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಾಗದಗಳು. ನೋಡಿದ ಕೂಡಲೆ ವಿಜಾಪುರದ ಕಡೆಯವಳೆಂದು ತಿಳಿಯಿತು. ಗಂಡನ ಸೇವಾ ಪುಸ್ತಕದಲ್ಲಿ ಅಂದಿನ ಕಾರಕೂನ ಮರಾಠಿಯಲ್ಲಿ ಅವಳ ಹೆಸರಿಗೆ ‘ಬಾಯಿ’ ಹಚ್ಚಿ ಬರೆದಿದ್ದ. ಊರಿನಲ್ಲಿ ಮಾಡಿಸಿದ ಆಧಾರ ಕಾರ್ಡಿನಲ್ಲಿ ಅದೇ ಹೆಸರಿಗೆ ‘ಅವ್ವ’ ಇತ್ತು. ನಾನು ಮರಾಠಿಯಲ್ಲಿ, ಹೆಸರು ಹೊಂದುವುದಿಲ್ಲ, ಇಬ್ಬರೂ ಒಬ್ಬಳೇ ಎಂಬುದಕ್ಕೆ ಪ್ರಮಾಣಪತ್ರ ತನ್ನಿರಿ ಎಂದೆ. ಅವಳಿಗೆ ಪೂರ್ತಿ ತಿಳಿಯಲಿಲ್ಲ. ಮೊಮ್ಮಗನ ಕಡೆ ತಿರುಗಿದಳು.

“ಏನಂತಾರೋ ಸಾಹೇಬ್ರು?”

“ಹೆಸರ ಕೂಡೂದಿಲ್ಲಂತ, ಆಯಿ.”

“ನಾ ಒಬ್ಬಾಕೀನೇ ಅದೀನಲ್ಲೋ. ಹೆಸರ ಎರಡಾದ್ರ ಮನುಷಾಳು ಇಬ್ಬರಾಗ್ತಾರೇನು?”

ನಾನು ಕೇಳಿಸದವನಂತೆ ತ್ರುಟಿಪತ್ರ ಬರೆಯುತ್ತಿದ್ದೆ. ಅವಳು ಸ್ವಲ್ಪ ತಗ್ಗಿದ ದನಿಯಲ್ಲಿ, “ಮಾರಿ ನೋಡಿದ್ರ ಛಲೋ ಮನುಷ್ಯಾ ಕಾಣ್ತಾನ. ನಮ್ಮ ಮಾತು ಬಂದಿದ್ರ ಹೇಳಿ ನೋಡತಿದ್ದೆ” ಎಂದಳು.

ಕನ್ನಡ ನನಗೆ ಬರುತ್ತದೆಂದು ಹೇಳಲು ನಾಲಗೆಯ ತುದಿಯ ತನಕ ಬಂತು. ಹೇಳಲಿಲ್ಲ. ಹೇಳಿದರೆ ನಮ್ಮವರೆಂದು ನಾಳೆ ಹತ್ತು ಮಂದಿ ಬರುತ್ತಾರೆ, ಪಕ್ಕದ ಮೇಜಿನವರು ಏನೋ ತಿಳಿಯುತ್ತಾರೆ, ನಿಯಮ ಎಲ್ಲರಿಗೂ ಒಂದೇ ಎಂದು ನನಗೆ ನಾನೇ ಕಾರಣ ಕೊಟ್ಟುಕೊಂಡೆ. ಕಾರಣಗಳಲ್ಲಿ ಒಂದೂ ಸುಳ್ಳಲ್ಲ. ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಓದಿದವನು, ಸಂಘದ ರಾಜ್ಯೋತ್ಸವದಲ್ಲಿ ಭಾಷಣ ಮಾಡುವವನು, ಆ ಮೇಜಿನ ಹಿಂದೆ ಹತ್ತು ನಿಮಿಷ ಕನ್ನಡ ಬಾರದವನಾಗಿ ಕುಳಿತಿದ್ದೆ. ಪ್ರಮಾಣಪತ್ರ ಎಲ್ಲಿ ಮಾಡಿಸಬೇಕು, ಎಷ್ಟು ರೂಪಾಯಿಯ ಮುದ್ರಾಕಾಗದ, ಏನು ಬರೆಸಬೇಕು, ಇಷ್ಟನ್ನು ಅವಳ ಮಾತಿನಲ್ಲಿ ಹೇಳಿದ್ದರೆ ಯಾವ ನಿಯಮವೂ ಮುರಿಯುತ್ತಿರಲಿಲ್ಲ. ಅವಳು ಮತ್ತೆ ಬಂದದ್ದು ನಾಲ್ಕು ತಿಂಗಳ ಮೇಲೆ, ತಪ್ಪಾಗಿ ಬರೆಸಿದ ಪತ್ರದೊಂದಿಗೆ. ಇನ್ನೊಂದು ಸಲ ಹಿಂದಕ್ಕೆ ಹೋದಳು. ಮಂಜೂರಾಗುವಾಗ ಮತ್ತೆ ಮಳೆಗಾಲ ಬಂದಿತ್ತು.

ಕಳೆದ ನವೆಂಬರಿನಲ್ಲಿ ಜೀವನ ಪ್ರಮಾಣದ ಸಾಲಿನಲ್ಲಿ ಅವಳನ್ನು ಕಂಡೆ. ಮೊಮ್ಮಗ ಇರಲಿಲ್ಲ, ಒಬ್ಬಳೇ. ಅವಳ ಸರದಿ ಬಂದಾಗ ಕುರ್ಚಿ ತೋರಿಸಿ, “ಕೂತ್ಕೊಳ್ಳಿ ಅಮ್ಮ” ಎಂದೆ.

ಕುಳಿತುಕೊಳ್ಳಲಿಲ್ಲ. ನನ್ನ ಮುಖವನ್ನು ನೋಡಿದಳು.

“ನೀವು ಕನ್ನಡದಾವ್ರೇನ್ರಿ?”

“ಹೌದು ಅಮ್ಮ, ಉಡುಪಿ ಕಡೆ.”

“ಹಂಗಾದ್ರ ಅವತ್ತ ನಾ ಅಂದದ್ದು ನಿಮಗ ತಿಳೀತಿತ್ತು.”

“ತಿಳಿಯುತ್ತಿತ್ತು.”

ಹಿಂದೆ ಸಾಲಿನಲ್ಲಿದ್ದವರು ಗೊಣಗಲು ತೊಡಗಿದ್ದರು. ಅವಳು ಅದನ್ನು ಲೆಕ್ಕಿಸಲಿಲ್ಲ. ಬೈಯುತ್ತಾಳೆಂದು ಕಾದೆ, ಬೈದಿದ್ದರೆ ಹಗುರಾಗುತ್ತಿತ್ತು. ಚೀಲದಿಂದ ಕಾಗದ ತೆಗೆದು ನನ್ನ ಮುಂದಿಟ್ಟು, “ಇದರಾಗ ಹೆಸರ ಬರೋಬ್ಬರಿ ಐತೇನ ನೋಡ್ರಿ” ಎಂದಳು.

ನೋಡಿದೆ. ಸರಿಯಾಗಿತ್ತು. ಓದಿ ಹೇಳಿದೆ. ಆಗ ಕುರ್ಚಿಯ ಅಂಚಿನಲ್ಲಿ ಕುಳಿತಳು. ಯಂತ್ರದ ಮೇಲೆ ಬಲಗೈ ಹೆಬ್ಬೆರಳು ಒತ್ತಿಸಿದೆ, ಗುರುತು ಸಿಗಲಿಲ್ಲ. ಎಡಗೈಯದೂ ಸಿಗಲಿಲ್ಲ. ನನ್ನ ಫೋನು ತೆಗೆದು ಅವಳ ಮುಖಕ್ಕೆ ನೇರ ಹಿಡಿದು, “ಒಮ್ಮೆ ರೆಪ್ಪೆ ಬಡಿಯಿರಿ ಅಮ್ಮ” ಎಂದೆ. ಅವಳು ನನ್ನನ್ನೇ ನೋಡುತ್ತಾ ಬಹಳ ಹೊತ್ತು ರೆಪ್ಪೆ ಬಡಿಯಲಿಲ್ಲ. ಆ ಮೇಲೆ ಬಡಿದಳು. ಬದುಕಿದ್ದಾಳೆಂದು ಪರದೆಯ ಮೇಲೆ ಬಂತು.